ಕೆರಿಬಿಯನ್ ಕಪ್: ದ್ವೀಪರಾಷ್ಟ್ರಗಳ ಕಾಲ್ಚೆಂಡಾಟದ ಕಥನ

ವೆಸ್ಟ್ ಇಂಡೀಸ್ ಎಂಬ ಹೆಸರನ್ನು ಕೇಳದ ಕನ್ನಡಿಗರು ವಿರಳ. 1976ರ ಏಪ್ರಿಲ್ ತಿಂಗಳಲ್ಲಿ ಪೋರ್ಟ್ ಆಫ್ ಸ್ಪೇನ್ ನಗರದ ಕ್ವೀನ್ಸ್ ಪಾರ್ಕ್ ಓವಲ್ ಮೈದಾನದಲ್ಲಿ ಭಾರತ ನಾಲ್ಕನೆಯ ಇನಿಂಗ್ಸಿನಲ್ಲಿ 406 ರನ್ ಗಳಿಸಿ ಜಯಭೇರಿ ಬಾರಿಸಿದಾಗ ನಮ್ಮ ಗುಂಡಪ್ಪ ವಿಶ್ವನಾಥ್ ಅವರು ಹೊಡೆದ 112 ರನ್ನುಗಳನ್ನು ನಮ್ಮ ಹಿರಿಯ ಓದುಗರು ಇಂದಿಗೂ ಮರೆತಿರಲಾರರು. ಆದರೆ ಭೂಪಟವನ್ನು ಎಷ್ಟೇ ಜಾಲಾಡಿದರೂ ವೆಸ್ಟ್ ಇಂಡೀಸ್ ಎಂಬ ದೇಶ ನಮಗೆ ಸಿಗುವುದಿಲ್ಲ. ಜಮೈಕಾ, ಟ್ರಿನಿಡಾಡ್ ಮತ್ತು ಟೊಬಾಗೊ, ಬಾರ್ಬಡೋಸ್, ಗ್ರೆನಡಾ, ಆಂಟಿಗುವಾ, ಗಯಾನ ಮುಂತಾದ ಬೇರೆ ಬೇರೆ ಸ್ವತಂತ್ರ ರಾಷ್ಟ್ರಗಳು ಕ್ರಿಕೆಟ್ಟಿನ ಸಲುವಾಗಿ ಒಂದೇ ಟೋಪಿ ಧರಿಸುತ್ತವೆ, ಅಷ್ಟೆ. 1958ರಲ್ಲಿ ಇಂಗ್ಲಿಷರ ಆಳ್ವಿಕೆಯಲ್ಲಿದ್ದ ಹಲವು ದ್ವೀಪಗಳು ಸೇರಿ ಒಂದು ಒಕ್ಕೂಟವನ್ನು ಕಟ್ಟಿಕೊಂಡದ್ದುಂಟು. ಜಮೈಕಾದ ಜನತೆ 1961ರ ಜನಮತದಲ್ಲಿ ಬೇಡವೆಂದ ಮೇಲೆ ಅದು 1962ರಲ್ಲಿ ಮುರಿದುಬಿತ್ತು. ರಾಜಕಾರಣಕ್ಕೆ ಸಾಧ್ಯವಾಗದ ಐಕ್ಯವನ್ನು ಕ್ರಿಕೆಟ್ ಉಳಿಸಿಕೊಂಡಿತು.

ಕಾಲ್ಚೆಂಡಾಟದಲ್ಲಿ ಈ ಕಥೆ ತಿರುವುಮುರುವು. ಅಲ್ಲಿ ವೆಸ್ಟ್ ಇಂಡೀಸ್ ಎಂಬ ತಂಡವೇ ಇಲ್ಲ. ಪ್ರತಿಯೊಂದು ದ್ವೀಪಕ್ಕೂ ತನ್ನದೇ ತಂಡ, ತನ್ನದೇ ಧ್ವಜ, ತನ್ನದೇ ಹಟ. ಈ ತಂಡಗಳು ಪರಸ್ಪರ ಸೆಣಸುತ್ತಿದ್ದ ಅಂತಾರಾಷ್ಟ್ರೀಯ ಪಂದ್ಯಾವಳಿಯ ಹೆಸರು ಕೆರಿಬಿಯನ್ ಕಪ್. 1989ರಿಂದ 2017ರವರೆಗೆ ನಡೆದ ಈ ಪಂದ್ಯಾವಳಿ ಇಂದು ಇತಿಹಾಸಕ್ಕೆ ಸೇರಿದೆ. ನಮ್ಮ ಪತ್ರಿಕೆಗಳ ಕ್ರೀಡಾಪುಟಗಳಲ್ಲಿ ಇದಕ್ಕೆ ಸ್ಥಳ ದೊರೆತದ್ದು ತೀರ ಅಪರೂಪ. ಆದರೆ ಪುಟ್ಟ ನಾಡುಗಳು ತಮ್ಮ ಅಸ್ತಿತ್ವವನ್ನು ಲೋಕಕ್ಕೆ ಸಾರಿ ಹೇಳುವ ಬಗೆ ಹೇಗೆ, ಆಟದ ನಿಯಮವೊಂದು ಆಟವನ್ನೇ ಹೇಗೆ ತಲೆಕೆಳಗು ಮಾಡಬಲ್ಲುದು ಎಂಬುದನ್ನು ಅರಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ತೋರುತ್ತಿಲ್ಲ.

ಮೊದಲಿಗೆ ಈ ರಾಷ್ಟ್ರಗಳ ಗಾತ್ರವನ್ನು ಗಮನಿಸಬೇಕು. ಬಾರ್ಬಡೋಸಿನ ವಿಸ್ತೀರ್ಣ ಸುಮಾರು 430 ಚದರ ಕಿಲೋಮೀಟರ್. ಎಂದರೆ ಅದು ಬೃಹನ್ಮುಂಬಯಿಗಿಂತಲೂ ಚಿಕ್ಕದು. ಅಲ್ಲಿನ ಜನಸಂಖ್ಯೆ ಮೂರು ಲಕ್ಷವನ್ನೂ ಮುಟ್ಟುವುದಿಲ್ಲ. ನಮ್ಮ ಅಂಧೇರಿ ಒಂದರಲ್ಲೇ ಅದಕ್ಕಿಂತ ಹೆಚ್ಚು ಜನರಿದ್ದಾರೆ. ಗ್ರೆನಡಾ ಇನ್ನೂ ಕಿರಿದು. ಅಲ್ಲಿರುವವರು ಲಕ್ಷಕ್ಕಿಂತ ತುಸು ಹೆಚ್ಚು ಮಂದಿ. ಟ್ರಿನಿಡಾಡ್ ಮತ್ತು ಟೊಬಾಗೊದಲ್ಲಿ ಸುಮಾರು 14 ಲಕ್ಷ, ಜಮೈಕಾದಲ್ಲಿ 28 ಲಕ್ಷದಷ್ಟು ಜನರಿದ್ದಾರೆ. ಆ ನೆರೆಹೊರೆಯಲ್ಲಿ ಇವೆರಡೂ ದೊಡ್ಡಣ್ಣಂದಿರು. ಜನಸಂಖ್ಯೆಯಲ್ಲಿ ಇನ್ನೂ ದೊಡ್ಡವಾದ ಹೈಟಿ ಹಾಗೂ ಕ್ಯೂಬಾಗಳಿದ್ದರೂ ಆಟದ ಮೈದಾನದಲ್ಲಿ ಯಜಮಾನಿಕೆ ನಡೆಸಿದವು ಟ್ರಿನಿಡಾಡ್ ಮತ್ತು ಜಮೈಕಾಗಳೇ.

ಉತ್ತರ ಅಮೆರಿಕ, ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ಪ್ರದೇಶದ ಕಾಲ್ಚೆಂಡಾಟವನ್ನು ನಿರ್ವಹಿಸುವ ಕಾಂಕಕಾಫ್ ಸಂಸ್ಥೆ 1961ರಲ್ಲಿ ಸ್ಥಾಪನೆಗೊಂಡಿತು. ಅದರ ಅಂಗವಾಗಿ ದ್ವೀಪಗಳ ಕೆರಿಬಿಯನ್ ಫುಟ್‌ಬಾಲ್ ಯೂನಿಯನ್ 1978ರಲ್ಲಿ ಹುಟ್ಟಿಕೊಂಡಿತು. ದಕ್ಷಿಣ ಅಮೆರಿಕದ ನೆಲಕ್ಕೆ ಅಂಟಿಕೊಂಡಿರುವ ಗಯಾನ, ಸುರಿನಾಮ್ ಮತ್ತು ಫ್ರೆಂಚ್ ಗಯಾನಗಳೂ ಈ ಯೂನಿಯನ್ನಿಗೆ ಸೇರಿವೆ. ಅವು ದ್ವೀಪಗಳಲ್ಲದಿದ್ದರೂ ಭಾಷೆ, ವಸಾಹತು ಚರಿತ್ರೆ ಮತ್ತು ಬದುಕಿನ ರೀತಿಯಿಂದ ದ್ವೀಪಗಳ ಬಂಧುಗಳೇ. ಯೂನಿಯನ್ ಮೊದಲು ತನ್ನದೊಂದು ಚಾಂಪಿಯನ್‌ಶಿಪ್ ನಡೆಸಿತು. ಅದರ ಉತ್ತರಾಧಿಕಾರಿಯಾಗಿ 1989ರಲ್ಲಿ ಕೆರಿಬಿಯನ್ ಕಪ್ ಬಂದಿತು. ಆರಂಭದ ವರ್ಷಗಳಲ್ಲಿ ತೈಲ ಕಂಪನಿ ಶೆಲ್ ಪ್ರಾಯೋಜಕತ್ವ ವಹಿಸಿದ್ದರಿಂದ ಜನರ ಬಾಯಲ್ಲಿ ಅದು ಶೆಲ್ ಕಪ್ ಎಂದೇ ಆಯಿತು.

ಪಂದ್ಯಾವಳಿಯ ಏರ್ಪಾಡು ದ್ವೀಪಗಳ ಪರಿಸ್ಥಿತಿಗೆ ತಕ್ಕಂತಿತ್ತು. ಯೂರೋಪಿನಲ್ಲಿ ಪ್ರತಿ ತಂಡವೂ ಒಮ್ಮೆ ತನ್ನ ನೆಲದಲ್ಲಿ, ಒಮ್ಮೆ ಎದುರಾಳಿಯ ನೆಲದಲ್ಲಿ ಆಡುವುದು ರೂಢಿ. ಸಮುದ್ರದ ನಡುವೆ ಚದುರಿದ ಈ ನಾಡುಗಳಲ್ಲಿ ಒಂದೊಂದು ಪಂದ್ಯಕ್ಕೂ ವಿಮಾನ ಏರಬೇಕು. ಆದ್ದರಿಂದ ಅರ್ಹತಾ ಸುತ್ತಿನಲ್ಲಿ ಮೂರೋ ನಾಲ್ಕೋ ತಂಡಗಳ ಗುಂಪನ್ನು ಒಂದೇ ದ್ವೀಪಕ್ಕೆ ಕರೆಸಿ, ಐದಾರು ದಿನಗಳಲ್ಲಿ ಎಲ್ಲ ಪಂದ್ಯಗಳನ್ನೂ ಮುಗಿಸುವ ಪದ್ಧತಿ ಬೆಳೆಯಿತು. ಗೆದ್ದವರು ಅಂತಿಮ ಘಟ್ಟಕ್ಕೆ ಹೋಗುತ್ತಿದ್ದರು. 1991ರಲ್ಲಿ ಕಾಂಕಕಾಫ್ ಗೋಲ್ಡ್ ಕಪ್ ಆರಂಭವಾದ ಬಳಿಕ ಇಲ್ಲಿ ಮೇಲಿನ ಸ್ಥಾನ ಪಡೆದವರಿಗೆ ಅಮೆರಿಕ, ಮೆಕ್ಸಿಕೊಗಳಂಥ ಬಲಾಢ್ಯರೊಡನೆ ಆಡುವ ಅವಕಾಶವೂ ದಕ್ಕಿತು. ಸಣ್ಣ ದ್ವೀಪವೊಂದರ ಆಟಗಾರನಿಗೆ ಹೊರಲೋಕದ ಕಣ್ಣಿಗೆ ಬೀಳಲು ಇದ್ದದ್ದು ಅದೊಂದೇ ಹೆಬ್ಬಾಗಿಲು.

ಮೊದಲ ಪಂದ್ಯಾವಳಿ ಬಾರ್ಬಡೋಸಿನಲ್ಲಿ ನಡೆಯಿತು. ಅಂತಿಮ ಪಂದ್ಯದಲ್ಲಿ ಟ್ರಿನಿಡಾಡ್ ಗ್ರೆನಡಾವನ್ನು 2-1ರಿಂದ ಸೋಲಿಸಿತು. ಅದೇ 1989ರ ನವೆಂಬರ್ 19ರಂದು ಪೋರ್ಟ್ ಆಫ್ ಸ್ಪೇನಿನಲ್ಲಿ ಅಮೆರಿಕದ ವಿರುದ್ಧ ಸಮ ಮಾಡಿಕೊಂಡಿದ್ದರೂ ಸಾಕು, ಟ್ರಿನಿಡಾಡ್ ವಿಶ್ವಕಪ್ಪಿಗೆ ಹೋಗುತ್ತಿತ್ತು. ಒಂದು ಗೋಲಿನಿಂದ ಸೋತು ಇಡೀ ನಾಡು ಕಣ್ಣೀರಿಟ್ಟಿತು. ಮರುವರ್ಷ ಕೆರಿಬಿಯನ್ ಕಪ್ಪಿಗೆ ಆತಿಥ್ಯ ವಹಿಸಿದ್ದ ಟ್ರಿನಿಡಾಡಿಗೆ ಮತ್ತೊಂದು ವಿಪತ್ತು ಎರಗಿತು. 1990ರ ಜುಲೈ 27ರಂದು ಶಸ್ತ್ರಸಜ್ಜಿತ ಗುಂಪೊಂದು ಸಂಸತ್ತಿಗೆ ನುಗ್ಗಿ ಪ್ರಧಾನಿ ರಾಬಿನ್‌ಸನ್ ಅವರನ್ನೂ ಇತರರನ್ನೂ ಆರು ದಿನ ಒತ್ತೆಯಿರಿಸಿಕೊಂಡಿತು. ಅದೇ ವೇಳೆಗೆ ಬಿರುಗಾಳಿಯೂ ಬೀಸಿತು. ಪಂದ್ಯಾವಳಿ ಅರ್ಧಕ್ಕೇ ನಿಂತಿತು. ಆ ವರ್ಷದ ಪಟ್ಟಿಯಲ್ಲಿ ವಿಜೇತರ ಹೆಸರಿಲ್ಲ.

ಒಟ್ಟು 18 ಬಾರಿ ಪ್ರಶಸ್ತಿ ನಿರ್ಣಯವಾಯಿತು. ಅದರಲ್ಲಿ ಟ್ರಿನಿಡಾಡ್ ಮತ್ತು ಟೊಬಾಗೊ ಎಂಟು ಬಾರಿ, ಜಮೈಕಾ ಆರು ಬಾರಿ ವಿಜಯಿಗಳು. ಉಳಿದ ನಾಲ್ಕನ್ನು ಮಾರ್ಟಿನೀಕ್, ಹೈಟಿ, ಕ್ಯೂಬಾ ಮತ್ತು ಕ್ಯುರಸಾವ್ ತಲಾ ಒಂದರಂತೆ ಹಂಚಿಕೊಂಡವು. 1994ರ ಅಂತಿಮ ಪಂದ್ಯದಲ್ಲಿ ಟ್ರಿನಿಡಾಡ್ ಮಾರ್ಟಿನೀಕನ್ನು 7-2ರಿಂದ ಬಗ್ಗುಬಡಿಯಿತು. ಆದರೆ ಆ ವರ್ಷದ ಕೆರಿಬಿಯನ್ ಕಪ್ ಇಂದಿಗೂ ಲೋಕದ ನೆನಪಿನಲ್ಲಿ ಉಳಿದಿರುವುದು ಅಂತಿಮ ಪಂದ್ಯದಿಂದಲ್ಲ, ಅರ್ಹತಾ ಸುತ್ತಿನ ಒಂದು ಪಂದ್ಯದಿಂದ. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಗುಂಪಿನಲ್ಲಿದ್ದವು ಮೂರು ತಂಡಗಳು: ಆತಿಥೇಯ ಬಾರ್ಬಡೋಸ್, ಗ್ರೆನಡಾ ಮತ್ತು ಪೋರ್ಟೊ ರಿಕೊ. ಮೇಲೆ ಬಂದ ಒಂದೇ ತಂಡಕ್ಕೆ ಮುಂದಿನ ಘಟ್ಟಕ್ಕೆ ಪ್ರವೇಶ. ಯಾವ ಪಂದ್ಯವೂ ಸಮವಾಗಿ ಮುಗಿಯಕೂಡದು, ತೊಂಬತ್ತು ನಿಮಿಷಗಳಲ್ಲಿ ಇತ್ಯರ್ಥವಾಗದಿದ್ದರೆ ಹೆಚ್ಚುವರಿ ಅವಧಿ ಆಡಿಸಬೇಕು, ಅದರಲ್ಲಿ ಮೊದಲ ಗೋಲು ಹೊಡೆದವರೇ ಗೆದ್ದಂತೆ ಎಂದು ಸಂಘಟಕರು ನಿಯಮ ಮಾಡಿದ್ದರು. ಇದು ಗೋಲ್ಡನ್ ಗೋಲ್ ಪದ್ಧತಿ. ಆ ದಿನಗಳಲ್ಲಿ ಇದು ಹೊಸದು. ಇಷ್ಟಕ್ಕೇ ನಿಲ್ಲಿಸಿದ್ದರೆ ಯಾವ ಪೇಚೂ ಇರಲಿಲ್ಲ. ಆದರೆ ಸಂಘಟಕರು ಇನ್ನೊಂದು ಸಾಲನ್ನು ಸೇರಿಸಿದ್ದರು: ಹೆಚ್ಚುವರಿ ಅವಧಿಯಲ್ಲಿ ಬಂದ ಆ ಗೋಲನ್ನು ಎರಡು ಗೋಲುಗಳೆಂದು ಎಣಿಸತಕ್ಕದ್ದು.

ಮೊದಲ ಪಂದ್ಯದಲ್ಲಿ ಪೋರ್ಟೊ ರಿಕೊ ಬಾರ್ಬಡೋಸನ್ನು 1-0ರಿಂದ ಸೋಲಿಸಿತು. ಎರಡನೆಯದರಲ್ಲಿ ಗ್ರೆನಡಾ ಹೆಚ್ಚುವರಿ ಅವಧಿಯ ಒಂದೇ ಗೋಲಿನಿಂದ ಪೋರ್ಟೊ ರಿಕೊವನ್ನು ಮಣಿಸಿತು. ದಾಖಲೆಗೆ ಹೋದದ್ದು 2-0. ಇನ್ನುಳಿದದ್ದು 1994ರ ಜನವರಿ 27ರಂದು ಬಾರ್ಬಡೋಸ್ ಮತ್ತು ಗ್ರೆನಡಾಗಳ ಪಂದ್ಯ. ಬಾರ್ಬಡೋಸ್ ಗೆದ್ದರೆ ಮೂರೂ ತಂಡಗಳಿಗೆ ಒಂದೊಂದು ಜಯವಾಗಿ, ಗೋಲುಗಳ ಅಂತರದಿಂದ ತೀರ್ಮಾನ. ಲೆಕ್ಕ ಹಾಕಿ ನೋಡೋಣ. ಬಾರ್ಬಡೋಸಿನ ಖಾತೆಯಲ್ಲಿ ಒಂದು ಗೋಲಿನ ಸಾಲ, ಗ್ರೆನಡಾದ ಖಾತೆಯಲ್ಲಿ ಎರಡು ಗೋಲುಗಳ ಗಂಟು. ಬಾರ್ಬಡೋಸ್ ಒಂದೇ ಗೋಲಿನ ಅಂತರದಿಂದ ಗೆದ್ದರೆ ಅದರ ಲೆಕ್ಕ ಸೊನ್ನೆಗೆ ಬರುತ್ತದೆ, ಗ್ರೆನಡಾದ ಬಳಿ ಇನ್ನೂ ಒಂದು ಉಳಿದಿರುತ್ತದೆ, ಗ್ರೆನಡಾ ಮುಂದಕ್ಕೆ. ಎರಡು ಗೋಲುಗಳ ಅಂತರದಿಂದ ಗೆದ್ದರೆ ಮಾತ್ರ ಬಾರ್ಬಡೋಸ್ ಮುಂದಕ್ಕೆ.

ಆತಿಥೇಯರು ಚೆನ್ನಾಗಿಯೇ ಆಡಿ 2-0 ಮುನ್ನಡೆ ಪಡೆದರು. ಬೇಕಾದದ್ದು ಅಷ್ಟೇ. ಆದರೆ 83ನೆಯ ನಿಮಿಷದಲ್ಲಿ ಗ್ರೆನಡಾ ಒಂದು ಗೋಲು ಹೊಡೆಯಿತು. ಈಗ 2-1. ಬಾರ್ಬಡೋಸ್ ಗೆಲ್ಲುತ್ತಿದೆ, ಆದರೆ ಹೊರಬೀಳುತ್ತಿದೆ! ಉಳಿದ ಕೆಲವೇ ನಿಮಿಷಗಳಲ್ಲಿ ಮೂರನೆಯ ಗೋಲಿಗಾಗಿ ಅವರು ಪ್ರಯತ್ನಪಟ್ಟರು. ಗ್ರೆನಡಾ ಕೋಟೆ ಕಟ್ಟಿ ನಿಂತಿತು. ಆಗ ಬಾರ್ಬಡೋಸಿನ ಆಟಗಾರರಿಗೆ ನಿಯಮದ ಆ ಕೊನೆಯ ಸಾಲು ಹೊಳೆಯಿತು. ಪಂದ್ಯ ಈಗ ಸಮವಾದರೆ ಹೆಚ್ಚುವರಿ ಅವಧಿ ದೊರೆಯುತ್ತದೆ. ಅರ್ಧ ಗಂಟೆ ಕಾಲಾವಕಾಶ. ಅದರಲ್ಲಿ ಒಂದು ಗೋಲು ಹೊಡೆದರೂ ಅದು ಎರಡಕ್ಕೆ ಸಮ. 87ನೆಯ ನಿಮಿಷದಲ್ಲಿ ರಕ್ಷಣಾ ಆಟಗಾರ ಸೀಲಿ ಮತ್ತು ಗೋಲ್‌ಕೀಪರ್ ಹೊರೇಸ್ ಸ್ಟೌಟ್ ತಮ್ಮ ಗೋಲಿನ ಎದುರಿಗೇ ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸಿಕೊಂಡರು. ಬಳಿಕ ಸೀಲಿ ಅದನ್ನು ತನ್ನದೇ ಗೋಲಿನೊಳಕ್ಕೆ ಒದ್ದುಬಿಟ್ಟ. 2-2.

ಒಂದೆರಡು ಕ್ಷಣ ಗ್ರೆನಡಾದವರು ಕಣ್ಣು ಕಣ್ಣು ಬಿಟ್ಟಿರಬೇಕು. ಆದರೆ ಅವರೂ ಲೆಕ್ಕ ಬಲ್ಲವರು. ಬಾರ್ಬಡೋಸಿನ ಗೋಲಿಗೆ ಚೆಂಡು ಹೊಡೆದರೆ 3-2ರಿಂದ ತಮಗೆ ಜಯ. ತಮ್ಮದೇ ಗೋಲಿಗೆ ಹೊಡೆದುಕೊಂಡರೆ 2-3ರಿಂದ ಸೋಲು. ಆದರೆ ಒಂದೇ ಗೋಲಿನ ಸೋಲು, ಆದ್ದರಿಂದ ಆಗಲೂ ಮುಂದಕ್ಕೆ ಹೋಗುವವರು ತಾವೇ. ಎರಡರಲ್ಲಿ ಯಾವುದಾದರೂ ಸರಿ! ಹೀಗಾಗಿ ಕೊನೆಯ ಮೂರು ನಿಮಿಷ ಆ ಮೈದಾನದಲ್ಲಿ ನಡೆದದ್ದು ಕಾಲ್ಚೆಂಡಾಟದ ಚರಿತ್ರೆಯಲ್ಲೇ ವಿಲಕ್ಷಣವಾದ ದೃಶ್ಯ. ಗ್ರೆನಡಾ ಎರಡೂ ಗೋಲುಗಳಿಗೆ ಗುರಿಯಿಟ್ಟಿತು. ಬಾರ್ಬಡೋಸಿನ ಆಟಗಾರರು ಅರ್ಧ ಜನ ತಮ್ಮ ಗೋಲನ್ನೂ ಇನ್ನರ್ಧ ಜನ ಎದುರಾಳಿಯ ಗೋಲನ್ನೂ ಕಾಯುತ್ತ ನಿಂತರು. ಎದುರಾಳಿಯು ತನ್ನ ಗೋಲಿಗೆ ತಾನೇ ಚೆಂಡು ಹಾಕಿಕೊಳ್ಳದಂತೆ ಕಾವಲು ಕಾಯುವುದೆಂದರೆ! ನಿಗದಿತ ಸಮಯ ಮುಗಿಯಿತು. ಹೆಚ್ಚುವರಿ ಅವಧಿಯಲ್ಲಿ ಟ್ರೆವರ್ ಥಾರ್ನ್ ಗೋಲು ಬಾರಿಸಿದ. ಫಲಿತಾಂಶ 4-2. ಬಾರ್ಬಡೋಸ್ ಮುಂದಿನ ಘಟ್ಟಕ್ಕೆ ಹೋಯಿತು.

ಗ್ರೆನಡಾದ ತರಬೇತುದಾರ ಜೇಮ್ಸ್ ಕ್ಲಾರ್ಕ್‌ಸನ್ ತಮಗೆ ಮೋಸವಾಯಿತೆಂದು ನೊಂದು ನುಡಿದರು. ಇಂಥ ನಿಯಮ ರೂಪಿಸಿದವರನ್ನು ಹುಚ್ಚಾಸ್ಪತ್ರೆಗೆ ಸೇರಿಸಬೇಕೆಂಬ ಅರ್ಥದ ಮಾತನ್ನೂ ಆಡಿದರು. ಅವರ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ ಬಾರ್ಬಡೋಸಿನ ಮೇಲೆ ಯಾವ ದಂಡನೆಯೂ ಆಗಲಿಲ್ಲ, ಆಗುವಂತೆಯೂ ಇರಲಿಲ್ಲ. ಅವರು ನಿಯಮವನ್ನು ಮುರಿದಿರಲಿಲ್ಲ, ಅಕ್ಷರಶಃ ಪಾಲಿಸಿದ್ದರು. ಅಂದ ಹಾಗೆ ಅಷ್ಟೆಲ್ಲ ಪಟ್ಟು ಪಡೆದ ಸ್ಥಾನ ಅವರಿಗೆ ಹೆಚ್ಚೇನನ್ನೂ ತರಲಿಲ್ಲ. ಅಂತಿಮ ಘಟ್ಟದಲ್ಲಿ ಬಾರ್ಬಡೋಸ್ ಗುಂಪಿನ ಹಂತದಲ್ಲೇ ನಿರ್ಗಮಿಸಿತು.

ಈ ಪ್ರಸಂಗವನ್ನು ನಗೆಹನಿಯಂತೆ ಹೇಳಿ ಮುಗಿಸುವವರೇ ಹೆಚ್ಚು. ನಮ್ಮ ಅಭಿಪ್ರಾಯದಲ್ಲಿ ಇಲ್ಲಿ ಗಂಭೀರವಾದ ಪ್ರಶ್ನೆಯೊಂದಿದೆ. ನಾಲ್ಕು ವರ್ಷಗಳ ಬಳಿಕ ನಡೆದ ಇನ್ನೊಂದು ಘಟನೆಯ ಜತೆಗಿಟ್ಟು ನೋಡಿದರೆ ಅದು ಸ್ಪಷ್ಟವಾಗುತ್ತದೆ. 1998ರ ಆಗಸ್ಟ್ 31ರಂದು ವಿಯೆಟ್ನಾಮಿನ ಹೋ ಚಿ ಮಿನ್ ನಗರದಲ್ಲಿ ಟೈಗರ್ ಕಪ್ ಪಂದ್ಯಾವಳಿಯ ಥಾಯ್ಲೆಂಡ್ ಮತ್ತು ಇಂಡೋನೇಷ್ಯಾ ಪಂದ್ಯ. ಎರಡೂ ತಂಡಗಳು ಆಗಲೇ ಸೆಮಿಫೈನಲ್ ತಲುಪಿದ್ದವು. ಗೆದ್ದವರು ಆತಿಥೇಯ ವಿಯೆಟ್ನಾಮನ್ನು ಎದುರಿಸಬೇಕಾಗುತ್ತಿತ್ತು. ಹಾಗಾಗಿ ಗೆಲುವು ಇಬ್ಬರಿಗೂ ಬೇಡವಾಗಿತ್ತು. ಇಂಡೋನೇಷ್ಯಾದ ಮುರ್ಸಿದ್ ಎಫೆಂಡಿ ಬೇಕೆಂದೇ ತನ್ನ ಗೋಲಿಗೆ ಚೆಂಡು ಹೊಡೆದು ತಂಡವನ್ನು ಸೋಲಿಸಿದ. ಎರಡೂ ತಂಡಗಳಿಗೆ ದಂಡ ಬಿತ್ತು. ಆತನಿಗೆ ಅಂತಾರಾಷ್ಟ್ರೀಯ ಪಂದ್ಯಗಳಿಂದ ಆಜೀವ ನಿಷೇಧವಾಯಿತು. ನೋಡುವವರಿಗೆ ಎರಡೂ ಕೃತ್ಯಗಳು ಒಂದೇ. ಆದರೆ ಇಂಡೋನೇಷ್ಯಾ ಸೋಲುವುದಕ್ಕಾಗಿ ಹಾಗೆ ಮಾಡಿತು, ಬಾರ್ಬಡೋಸ್ ಗೆಲ್ಲುವುದಕ್ಕಾಗಿ. ಒಂದರಲ್ಲಿ ದೋಷ ಆಟಗಾರನ ಮನಸ್ಸಿನಲ್ಲಿದೆ, ಇನ್ನೊಂದರಲ್ಲಿ ಕಾಗದದ ಮೇಲಿದೆ. ಪಂದ್ಯವನ್ನು ರೋಚಕಗೊಳಿಸಲೆಂದು ಸೇರಿಸಿದ ಒಂದು ಸಾಲು, ಬಿಟ್ಟುಕೊಟ್ಟ ಗೋಲನ್ನು ಹೊಡೆದ ಗೋಲಿಗಿಂತ ಲಾಭದಾಯಕವಾಗಿಸಿತು. ಗೋಲ್ಡನ್ ಗೋಲ್ ಪದ್ಧತಿ ಮುಂದೆ 1998ರ ವಿಶ್ವಕಪ್ಪಿನವರೆಗೂ ಹೋಗಿ, 2004ರ ಬಳಿಕ ಮರೆಯಾಯಿತು.

ಇನ್ನು ಈ ಪಂದ್ಯಾವಳಿಯ ಮತ್ತೊಂದು ವೈಶಿಷ್ಟ್ಯ, ಸ್ವತಂತ್ರ ದೇಶಗಳಲ್ಲದ ನಾಡುಗಳಿಗೂ ಇಲ್ಲಿ ಇದ್ದ ಮನ್ನಣೆ. ಮಾರ್ಟಿನೀಕ್ ಮತ್ತು ಗ್ವಾಡೆಲೂಪ್ ದ್ವೀಪಗಳು ಫ್ರಾನ್ಸ್ ದೇಶದ ಭಾಗಗಳು. ಅವು ಫಿಫಾ ಸದಸ್ಯರಲ್ಲ; ವಿಶ್ವಕಪ್ಪಿನ ಬಾಗಿಲು ಅವಕ್ಕೆ ಮುಚ್ಚಿದೆ. ಅಲ್ಲಿನ ಪ್ರತಿಭಾವಂತರು ಫ್ರಾನ್ಸ್ ತಂಡಕ್ಕೆ ಸಲ್ಲುತ್ತಾರೆ. 1998ರಲ್ಲಿ ವಿಶ್ವಕಪ್ ಗೆದ್ದ ಫ್ರಾನ್ಸ್ ತಂಡದ ಲಿಲಿಯನ್ ತುರಾಮ್ ಹುಟ್ಟಿದ್ದು ಗ್ವಾಡೆಲೂಪಿನಲ್ಲಿ. ತಿಯೆರಿ ಹೆನ್ರಿಯ ತಂದೆ ಗ್ವಾಡೆಲೂಪಿನವರು, ತಾಯಿ ಮಾರ್ಟಿನೀಕಿನವರು. ಉಳಿದವರು ತಮ್ಮ ಊರಿನ ಹೆಸರು ಹೊತ್ತು ಆಡಲು ಇದ್ದ ಅಂಗಳ ಕೆರಿಬಿಯನ್ ಕಪ್. 1993ರಲ್ಲಿ ಜಮೈಕಾದ ನೆಲದಲ್ಲೇ ಜಮೈಕಾವನ್ನು ಪೆನಾಲ್ಟಿ ಒದೆತಗಳಲ್ಲಿ ಸೋಲಿಸಿ ಮಾರ್ಟಿನೀಕ್ ಪ್ರಶಸ್ತಿ ಗೆದ್ದಿತು. 2007ರಲ್ಲಿ ಇಲ್ಲಿಂದ ಗೋಲ್ಡ್ ಕಪ್ಪಿಗೆ ಹೋದ ಗ್ವಾಡೆಲೂಪ್ ಸೆಮಿಫೈನಲ್ ತಲುಪಿತು. ಒಂದು ಕಾಲದಲ್ಲಿ ಫ್ರಾನ್ಸ್ ಪರ ಆಡಿದ್ದ ಜೋಸ್ಲಿನ್ ಆಂಗ್ಲೊಮಾ ಆ ತಂಡದಲ್ಲಿದ್ದರು. ಹತ್ತು ವರ್ಷಗಳ ನಂತರ, 2017ರ ಗೋಲ್ಡ್ ಕಪ್ಪಿನಲ್ಲಿ, ಇದೇ ರೀತಿ ಫ್ರಾನ್ಸ್ ಪರ ಆಡಿದ್ದ ಫ್ಲೊರಾಂ ಮಲುಡಾರನ್ನು ಫ್ರೆಂಚ್ ಗಯಾನ ಹೊಂಡುರಾಸ್ ವಿರುದ್ಧ ಕಣಕ್ಕಿಳಿಸಿತು. ಅವರು ಅರ್ಹರಲ್ಲವೆಂದು ಘೋಷಿಸಿ, ಗೋಲಿಲ್ಲದೆ ಸಮವಾಗಿದ್ದ ಪಂದ್ಯವನ್ನು ಹೊಂಡುರಾಸಿಗೆ 3-0ರಿಂದ ಕೊಡಲಾಯಿತು. ಹುಟ್ಟೂರಿಗಾಗಿ ಆಡುವುದೂ ತಪ್ಪಾಗುವುದೆಂದರೆ ವಿಚಿತ್ರವೇ ಸರಿ.

ಅತಿ ಚಿಕ್ಕವರ ಪಾಡು ಬೇರೆಯೇ. ಮಾಂಟ್ಸೆರಾಟ್ ದ್ವೀಪದಲ್ಲಿ 1995ರಲ್ಲಿ ಜ್ವಾಲಾಮುಖಿ ಸಿಡಿಯತೊಡಗಿತು. ರಾಜಧಾನಿ ಪ್ಲಿಮತ್ ಬೂದಿಯಡಿ ಹೂತುಹೋಯಿತು, ಬಹುಪಾಲು ಜನರು ದ್ವೀಪವನ್ನೇ ತೊರೆದರು. ಆ ದ್ವೀಪದ ತಂಡ 2002ರ ಜೂನ್ 30ರಂದು, ವಿಶ್ವಕಪ್ ಫೈನಲ್ ನಡೆದ ದಿನವೇ, ನಮ್ಮ ನೆರೆಯ ಭೂತಾನಿಗೆ ಬಂದು ಥಿಂಪುವಿನಲ್ಲಿ ಆಡಿತು. ಅದು ಫಿಫಾ ಶ್ರೇಯಾಂಕದಲ್ಲಿ ಕಟ್ಟಕಡೆಯ ಎರಡು ತಂಡಗಳ ಪಂದ್ಯ. ಭೂತಾನ್ 4-0ರಿಂದ ಗೆದ್ದಿತು.

ಚಿಕ್ಕವರೆಂದು ಇವರನ್ನು ಯಾರೂ ಕಡೆಗಣಿಸುವಂತಿರಲಿಲ್ಲ ಎಂಬುದಕ್ಕೆ ಇನ್ನೊಂದು ಕಾರಣವೂ ಇದೆ, ಅದು ಅಷ್ಟೇನೂ ಶೋಭಾಯಮಾನವಲ್ಲ. ಫಿಫಾದಲ್ಲಿ ದೇಶಕ್ಕೊಂದು ಮತ. ಬ್ರೆಜಿಲಿಗೂ ಒಂದೇ, ಮಾಂಟ್ಸೆರಾಟಿಗೂ ಒಂದೇ. ದ್ವೀಪಗಳ ಮತಗಳನ್ನು ಒಟ್ಟುಗೂಡಿಸಬಲ್ಲವನು ವಿಶ್ವ ಕಾಲ್ಚೆಂಡಾಟದಲ್ಲಿ ಪ್ರಭಾವಿ. ಟ್ರಿನಿಡಾಡಿನ ಜ್ಯಾಕ್ ವಾರ್ನರ್ ಈ ಬಲದಿಂದಲೇ 1990ರಿಂದ 2011ರವರೆಗೆ ಕಾಂಕಕಾಫ್ ಅಧ್ಯಕ್ಷಗಿರಿ ನಡೆಸಿದರು. 2011ರ ಮೇ ತಿಂಗಳಲ್ಲಿ ಪೋರ್ಟ್ ಆಫ್ ಸ್ಪೇನಿನ ಸಭೆಯೊಂದರಲ್ಲಿ ದ್ವೀಪಗಳ ಪದಾಧಿಕಾರಿಗಳಿಗೆ ಹಣದ ಲಕೋಟೆಗಳನ್ನು ನೀಡಲಾಯಿತೆಂಬ ಆರೋಪ ಎದ್ದಿತು. ಮರುತಿಂಗಳು ಅವರು ಸ್ಥಾನಗಳನ್ನು ತ್ಯಜಿಸಿದರು. 2015ರಲ್ಲಿ ಫಿಫಾ ಅವರನ್ನು ಆಜೀವ ನಿಷೇಧಿಸಿತು. ಮೈದಾನದಲ್ಲಿ ಬೆವರು ಸುರಿಸಿದ ಹುಡುಗರಿಗೂ ಈ ಲಕೋಟೆಗಳಿಗೂ ಸಂಬಂಧವಿಲ್ಲ. ಆದರೆ ಕೆಟ್ಟ ಹೆಸರು ಮಾತ್ರ ದ್ವೀಪಗಳೆಲ್ಲಕ್ಕೂ ಅಂಟಿತು.

ನೆರೆಹೊರೆಯ ಈ ಪೈಪೋಟಿಯಲ್ಲಿ ಪಳಗಿದ ತಂಡಗಳು ವಿಶ್ವಕಪ್ಪಿನಲ್ಲೂ ಮುಖ ತೋರಿದವು. ಹಿಂದೆ 1938ರಲ್ಲಿ ಕ್ಯೂಬಾ, 1974ರಲ್ಲಿ ಹೈಟಿ ಅಲ್ಲಿಗೆ ಹೋಗಿದ್ದವು. 1998ರಲ್ಲಿ ಜಮೈಕಾ ಫ್ರಾನ್ಸಿಗೆ ತೆರಳಿ ಜಪಾನನ್ನು 2-1ರಿಂದ ಸೋಲಿಸಿತು. 2006ರಲ್ಲಿ ಜರ್ಮನಿಗೆ ಹೋದದ್ದು ಟ್ರಿನಿಡಾಡ್ ಮತ್ತು ಟೊಬಾಗೊ. 1989ರ ಸೋಲನ್ನು ಕಂಡ ಹುಡುಗ ಡ್ವೈಟ್ ಯಾರ್ಕ್ ಈಗ ನಾಯಕ. ಜೂನ್ 10ರಂದು ಡಾರ್ಟ್‌ಮಂಡಿನಲ್ಲಿ, ಹತ್ತೇ ಆಟಗಾರರಾಗಿ ಉಳಿದಿದ್ದರೂ, ಬಲಿಷ್ಠ ಸ್ವೀಡನ್ನಿಗೆ ಒಂದು ಗೋಲನ್ನೂ ಬಿಟ್ಟುಕೊಡದೆ ಪಂದ್ಯವನ್ನು ಸಮ ಮಾಡಿಕೊಂಡರು. ಕಾಕತಾಳೀಯವೆಂದರೆ ಅದೇ ದಿನ ನಮ್ಮ ರಾಹುಲ್ ದ್ರಾವಿಡ್ ನಾಯಕತ್ವದ ಭಾರತ ತಂಡ ಸೇಂಟ್ ಲೂಸಿಯಾದಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಟೆಸ್ಟ್ ಪಂದ್ಯ ಆರಂಭಿಸಿತ್ತು. ಅಲ್ಲಿ ಒಂದೇ ತಂಡವಾಗಿದ್ದವರು ಇಲ್ಲಿ ಒಂದೇ ದ್ವೀಪರಾಷ್ಟ್ರವಾಗಿ ಆಡುತ್ತಿದ್ದರು.

ಕೆರಿಬಿಯನ್ ಕಪ್ಪಿನ ಕೊನೆಯ ಪಂದ್ಯ 2017ರ ಜೂನ್ 25ರಂದು ಮಾರ್ಟಿನೀಕಿನ ಫೋರ್ ದ ಫ್ರಾನ್ಸ್ ನಗರದಲ್ಲಿ ನಡೆಯಿತು. ಡಚ್ಚರ ಅಧೀನದ ಕ್ಯುರಸಾವ್, ಎಲ್ಸನ್ ಹೋಯ್ ಹೊಡೆದ ಎರಡು ಗೋಲುಗಳಿಂದ ಜಮೈಕಾವನ್ನು 2-1ರಿಂದ ಸೋಲಿಸಿ ಮೊದಲ ಬಾರಿಗೆ ಪ್ರಶಸ್ತಿ ಗೆದ್ದಿತು. ಮರುವರ್ಷದಿಂದ ಕಾಂಕಕಾಫ್ ನೇಷನ್ಸ್ ಲೀಗ್ ಜಾರಿಗೆ ಬಂದು, ದ್ವೀಪಗಳೂ ಮಧ್ಯ ಅಮೆರಿಕದ ದೇಶಗಳೂ ಒಂದೇ ಪಟ್ಟಿಯಲ್ಲಿ ಸೇರಿಹೋದವು. ಈ ಬದಲಾವಣೆಯಿಂದ ಚಿಕ್ಕ ತಂಡಗಳಿಗೆ ವರ್ಷವರ್ಷವೂ ನಿಶ್ಚಿತವಾಗಿ ಪಂದ್ಯಗಳು ಸಿಗುತ್ತಿವೆ, ತಮ್ಮ ನೆಲದಲ್ಲೇ ತಮ್ಮ ಜನರೆದುರು ಆಡುವ ಅವಕಾಶವೂ ಒದಗಿದೆ. ಇದು ಲಾಭವೇ. ಆದರೆ ದ್ವೀಪಗಳವರು ತಮ್ಮೊಳಗೇ ಕೂಡಿ, ತಮ್ಮಲ್ಲಿ ಮೊದಲಿಗರಾರು ಎಂದು ತೀರ್ಮಾನಿಸಿಕೊಳ್ಳುವ ಹಬ್ಬ ಇಲ್ಲವಾಯಿತು. ಗ್ರೆನಡಾದಂಥ ನಾಡು ಫೈನಲ್ ಆಡುವ ದಿನವನ್ನು ಈ ಹೊಸ ಏರ್ಪಾಡಿನಲ್ಲಿ ನಾವು ಸುಲಭವಾಗಿ ಊಹಿಸಲಾರೆವು. 1989ರಲ್ಲಿ, ಮತ್ತೆ 2008ರಲ್ಲಿ, ಅದು ಕೆರಿಬಿಯನ್ ಕಪ್ಪಿನ ಫೈನಲ್ ಆಡಿತ್ತು.

ಕೊನೆಯ ಕಪ್ ಗೆದ್ದ ಕ್ಯುರಸಾವ್ ಮಾತ್ರ ಅಲ್ಲಿಗೇ ನಿಲ್ಲಲಿಲ್ಲ. 2025ರ ನವೆಂಬರ್ 18ರಂದು ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಅದೇ ಜಮೈಕಾದೊಡನೆ ಗೋಲಿಲ್ಲದ ಸಮ ಸಾಧಿಸಿ 2026ರ ವಿಶ್ವಕಪ್ಪಿಗೆ ಅರ್ಹತೆ ಪಡೆಯಿತು. ಅದರ ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ. ಅಷ್ಟು ಕಿರಿದಾದ ನಾಡು ಅದುವರೆಗೆ ಎಂದೂ ವಿಶ್ವಕಪ್ಪಿಗೆ ಅರ್ಹತೆ ಗಳಿಸಿರಲಿಲ್ಲ. ಅದೇ ರಾತ್ರಿ ಹೈಟಿಯೂ ನಿಕರಾಗುವಾವನ್ನು ಸೋಲಿಸಿ, 1974ರ ನಂತರ ಮೊದಲ ಬಾರಿಗೆ, ವಿಶ್ವಕಪ್ಪಿನ ದಾರಿ ಹಿಡಿಯಿತು.